ಪಾಚಿಗೆ ಮೈಲುತುತ್ತು ಬೇಡ, ಬ್ರಶ್ಶು ಹಿಡಿಯೋಣ

ಬೇಸಗೆ ರಜೆ ಬಂತೆಂದರೆ ನಮ್ಮ ಕಾಸರಗೋಡಿನ ತೋಟದ ಕೆರೆ, ಟಾಂಕಿಗಳೇ ಮಕ್ಕಳಿಗೆ ಈಜುಕೊಳ. ಸುರಂಗದ ನೀರು ತುಂಬುವ ಸಿಮೆಂಟ್ ಟಾಂಕಿಯಾಗಲಿ, ಮಣ್ಣಿನ ಕೆರೆಯಾಗಲಿ, ಅಡಿಕೆಗೆಂದು ಮಾಡಿದ್ದು ಮಕ್ಕಳ ಆಟಕ್ಕೂ ಆಗುತ್ತದೆ. ಬಿಸಿಲೇರಿ ನೀರು ತಗ್ಗಿದಾಗ ಅಲ್ಲಿ ಪಾಚಿ ಹಬ್ಬುವುದು ಸಹಜ. ಕೊಳೆರೋಗದ ಮದ್ದಿಗೆ ತಂದು ಉಳಿದ ಮೈಲುತುತ್ತು ಮನೆಯಲ್ಲೇ ಇರುವಾಗ, ಒಂದು ಹಿಡಿ ಎಸೆದರಾಯಿತು ಎಂದು ತೋರುವುದೂ ಸಹಜ. ಆದರೆ ಅದು ತಪ್ಪು ದಾರಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಪಾಚಿಯನ್ನು ಗುರುತಿಸಬೇಕು. ಒಂದು ಕೋಲನ್ನು ನೀರಿಗೆ ಅದ್ದಿ ಎತ್ತಿ ನೋಡಿ. ಕೂದಲಿನಂತೆ ಎಳೆಎಳೆಯಾಗಿ ಜೋತು ಬಿದ್ದರೆ ಅದು ನೂಲುಪಾಚಿ. ಜಾರಿ ಬೀಳುವ ಭಯ ಬಿಟ್ಟರೆ ಅದರಲ್ಲಿ ಹೆಚ್ಚಿನ ಕೇಡಿಲ್ಲ. ಬಣ್ಣ ಬಳಿದಂತೆ ಕೋಲಿಗೆ ಮೆತ್ತಿಕೊಂಡರೆ ಅದು ನೀಲಿಹಸಿರು ಪಾಚಿ ಇರಬಹುದು. ಇದರ ಕೆಲವು ಜಾತಿಗಳು ಯಕೃತ್ತಿಗೆ ವಿಷ. ಅಂಥ ನೀರನ್ನು ದನಕ್ಕೂ ಕುಡಿಸಬಾರದು, ಮಕ್ಕಳನ್ನೂ ಇಳಿಸಬಾರದು. ಗೋಡೆಯ ಲೋಳೆ ಮೂರನೆಯದು.

ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತಿನ ಜೊತೆ 1 ಕಿಲೋ ಸುಣ್ಣವನ್ನೂ ಹಾಕುತ್ತೇವೆ. ತುತ್ತಿನ ತೀಕ್ಷ್ಣತೆಯನ್ನು ತಗ್ಗಿಸುವುದು ಆ ಸುಣ್ಣವೇ. ಕೆರೆಗೆ ಬರಿಯ ತುತ್ತು ಬಿದ್ದರೆ ಆ ರಕ್ಷಣೆ ಇಲ್ಲ. ನಮ್ಮ ಮುರಕಲ್ಲಿನ ನೀರು ಮೆದು; ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನಷ್ಟು ವಿಷ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕ ಕುಗ್ಗುತ್ತದೆ. ನೀಲಿಹಸಿರು ಪಾಚಿಯಾದರೆ ಒಡೆದ ಕಣಗಳಿಂದ ಒಳಗಿನ ವಿಷವೆಲ್ಲ ನೀರಿಗೆ ಬರುತ್ತದೆ. ತಾಮ್ರವಾದರೋ ಕರಗಿ ಹೋಗುವುದಿಲ್ಲ, ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಸಿಮೆಂಟ್ ಟಾಂಕಿಯಾದರೆ ನೀರನ್ನು ತೋಟಕ್ಕೆ ಬಿಟ್ಟು ಖಾಲಿ ಮಾಡಿ, ಗೋಡೆ, ಮೂಲೆಗಳನ್ನು ಗಟ್ಟಿ ಬ್ರಶ್ಶಿನಿಂದ ತಿಕ್ಕಿ, ಕೆಸರು ತೆಗೆದು, ಒಂದೆರಡು ದಿನ ಬಿಸಿಲಿಗೆ ಒಣಗಲು ಬಿಡಿ. ತುಂಬಿದ ಮೇಲೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಮಾತ್ರ ಹಾಕಿ, ಕನಿಷ್ಠ ಒಂದು ಗಂಟೆ ಕಾಯಿರಿ. ತಿಕ್ಕದೆ ಪೌಡರ್ ಸುರಿದರೆ ಅದರ ಶಕ್ತಿಯನ್ನೆಲ್ಲ ಪಾಚಿಯೇ ನುಂಗಿಬಿಡುತ್ತದೆ. ಪೇಟೆಯ ಈಜುಕೊಳಗಳಲ್ಲೂ ಮೊದಲು ಬ್ರಶ್ಶು, ಆಮೇಲೆ ಕ್ಲೋರಿನ್. ಬಿಸಿಲಿಗೆ ಕ್ಲೋರಿನ್ ಬೇಗನೆ ಹಾರಿಹೋಗುವುದರಿಂದ ಟಾಂಕಿಗೆ ನೆರಳು ಮಾಡುವುದು ಒಳ್ಳೆಯದು.

ಮೀನಿರುವ ಮಣ್ಣಿನ ಕೆರೆಗೆ ಬ್ಲೀಚಿಂಗ್ ಬೇಡ. ನೂಲುಪಾಚಿಯನ್ನು ಹಲ್ಲುಗೋಲಿನಿಂದ ಎಳೆದು ತೆಂಗಿನ ಬುಡಕ್ಕೆ ಹಾಕಿ. ಹಟ್ಟಿಯ ನೀರು, ಯೂರಿಯಾ, ಬಟ್ಟೆಯ ಸಾಬೂನು ಕೆರೆಗೆ ಹರಿಯದಂತೆ ತಡೆಯಿರಿ. ಪಾಚಿಗೆ ಗೊಬ್ಬರ ಹಾಕುತ್ತಿರುವವರು ನಾವೇ. ಅದನ್ನು ನಿಲ್ಲಿಸದೆ ಎಷ್ಟು ತೆಗೆದರೂ ಮತ್ತೆ ಬರುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರ ಮಕ್ಕಳನ್ನೂ ದೊಡ್ಡವರನ್ನೂ ಬಲಿ ತೆಗೆದುಕೊಂಡಿತು. ಈ ಅಮೀಬಾ ಬೆಚ್ಚಗಿನ ನಿಂತ ನೀರಿನಲ್ಲಿ, ಕೆಸರು, ಲೋಳೆಗಳಲ್ಲಿ ಬೆಳೆಯುತ್ತದೆ. ಕುಡಿದರೆ ಅಲ್ಲ, ಮೂಗಿನೊಳಗೆ ನೀರು ನುಗ್ಗಿದರೆ ಅದು ಮಿದುಳಿಗೆ ಏರುತ್ತದೆ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅಪಾಯವಿಲ್ಲ ಎನ್ನುವಂತಿಲ್ಲ. ಆದ್ದರಿಂದ ನಿಂತ ನೀರಿಗೆ ಮಕ್ಕಳು ಧುಮುಕುವುದನ್ನು, ಮುಳುಗುವುದನ್ನು ತಡೆಯಬೇಕು. ನೀರಿಗಿಳಿದ ಕೆಲವು ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ದು, ನೀರಿಗಿಳಿದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಒಂದು ಮನೆಯವರಿಗೆ ಟಾಂಕಿ ತೊಳೆಯುವುದು ಕಷ್ಟವೇ, ಆಳು ಸಿಗುವುದಿಲ್ಲ. ಆದರೆ ವಾಳೆಯ ನಾಲ್ಕು ಮನೆಯವರು ಸೇರಿದರೆ ಅರ್ಧ ದಿನದ ಕೆಲಸ. ಹಬ್ಬಕ್ಕೆ ಚರ್ಚಿನ ಅಂಗಳ ಗುಡಿಸಲು ಒಂದಾಗುವ ನಾವು, ರಜೆ ಆರಂಭವಾಗುವ ಮೊದಲು ಒಂದು ಶನಿವಾರವನ್ನು ಇದಕ್ಕೂ ಮೀಸಲಿಡೋಣ. ದೇವರು ಕೊಟ್ಟ ನೀರನ್ನು ಶುಚಿಯಾಗಿ ಇಟ್ಟುಕೊಳ್ಳುವುದೂ ನಮ್ಮ ಕರ್ತವ್ಯವಲ್ಲವೇ?