'ಕ್ಕೆ' ಬಾಯಲ್ಲಿರುವಾಗ 'ಟು'ವಿಗೇಕೆ ತಡಕಾಟ?

ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಒಂದು ಶಬ್ದವೂ ಕೇಳಿಸಕೂಡದು ಎಂಬ ವಾದವನ್ನು ನಮ್ಮಲ್ಲಿ ಅನೇಕರು ವೇದವಾಕ್ಯದಂತೆ ನಂಬಿದ್ದಾರೆ. ಕನ್ನಡ ಮಾತಾಡಿದ ಮಗುವಿಗೆ ದಂಡ ವಿಧಿಸುವ ಶಾಲೆಗಳೂ ಉಂಟು. ಈ ನಂಬಿಕೆ ತಪ್ಪು, ಅಷ್ಟೇ ಅಲ್ಲ, ಮಕ್ಕಳ ಇಂಗ್ಲಿಷನ್ನೇ ಕೆಡಿಸುವಂಥದ್ದು ಎಂಬುದು ನನ್ನ ವಾದ. ಇದನ್ನು ಕನ್ನಡಾಭಿಮಾನದ ಭಾಷಣವಾಗಿ ಹೇಳದೆ, ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಮೂಲೆಯನ್ನು ಹಿಡಿದು ತೋರಿಸಲು ಯತ್ನಿಸುತ್ತೇನೆ. ಆ ಮೂಲೆ ಯಾವುದೆಂದರೆ, ನಾಮಪದದ ಹಿಂದೆಯೇ ಬಂದು ನಿಲ್ಲುವ 'ಟು' ಸಹಿತವಾದ ಕ್ರಿಯಾಪದ, ಅಂದರೆ ಇನ್ಫಿನಿಟಿವ್.

'ಪರ್ಮಿಷನ್ ಟು ಗೋ', 'ಡಿಸಿಷನ್ ಟು ರಿಸೈನ್', 'ಟೈಮ್ ಟು ರೀಡ್', 'ವಾಟರ್ ಟು ಡ್ರಿಂಕ್' ಇವು ದಿನಬಳಕೆಯ ಮಾತುಗಳು. ಆದರೆ 'ಹ್ಯಾಬಿಟ್ ಟು ಸ್ಮೋಕ್' ಎನ್ನುವಂತಿಲ್ಲ, 'ಹ್ಯಾಬಿಟ್ ಆಫ್ ಸ್ಮೋಕಿಂಗ್' ಎನ್ನಬೇಕು. 'ಇಂಟರೆಸ್ಟ್ ಟು ಲರ್ನ್' ಸಲ್ಲದು, 'ಇಂಟರೆಸ್ಟ್ ಇನ್ ಲರ್ನಿಂಗ್' ಸಲ್ಲುತ್ತದೆ. 'ಡಿಸಿಷನ್ ಆಫ್ ಗೋಯಿಂಗ್' ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬುದ್ಧಿವಂತ ಹುಡುಗನೊಬ್ಬ ಸಂದರ್ಶನದಲ್ಲಿ ಇಂಥ ಒಂದು ಮಾತಿಗೆ ನಗೆಪಾಟಲಾಗಿ, ಮುಂದಿನ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಕುಳಿತುಕೊಳ್ಳುತ್ತಾನೆ. ಆದ್ದರಿಂದ ಇದು ಕೇವಲ ವ್ಯಾಕರಣದ ಚರ್ಚೆಯಲ್ಲ.

ಈ ತಪ್ಪು ಎಲ್ಲಿಂದ ಬಂತು? ಮಗುವಿನ ಅಜ್ಞಾನದಿಂದ ಬಂದದ್ದಲ್ಲ. ಕನ್ನಡದಲ್ಲಿ ನಾವು 'ಹೋಗುವ ನಿರ್ಧಾರ' ಎನ್ನುತ್ತೇವೆ, 'ಸುಳ್ಳು ಹೇಳುವ ಚಟ' ಎನ್ನುತ್ತೇವೆ, 'ಮಳೆ ಬರುವ ಸಾಧ್ಯತೆ' ಎನ್ನುತ್ತೇವೆ. ಮೂರರಲ್ಲೂ 'ಉವ' ಎಂಬ ಒಂದೇ ರೂಪ ಸಾಕು. ಇಂಗ್ಲಿಷ್ ಮಾತ್ರ ಈ ಒಂದು ಮನೆಯನ್ನು ಎರಡು ಪಾಲು ಮಾಡಿದೆ: ಒಂದು ಪಾಲಿಗೆ 'ಟು', ಇನ್ನೊಂದಕ್ಕೆ 'ಆಫ್' ಅಥವಾ 'ಇನ್'. ಪಾಲಿನ ಗೋಡೆ ಎಲ್ಲಿದೆಯೆಂದು ಹೇಳಿಕೊಡದೆ, ಗೋಡೆಗೆ ತಲೆ ತಾಗಿಸಿಕೊಂಡವನನ್ನು ದಡ್ಡನೆನ್ನುವುದು ಯಾವ ನ್ಯಾಯ?

ಆ ಗೋಡೆಯನ್ನು ಕಾಣಿಸುವ ದೀಪವೂ ಕನ್ನಡದಲ್ಲಿಯೇ ಇದೆ. ನಮ್ಮಲ್ಲಿ 'ಉವ' ಅಲ್ಲದೆ 'ಅಲು', 'ಅಲಿಕ್ಕೆ' ಎಂಬ ರೂಪಗಳೂ ಇವೆ. 'ಕುಡಿಯಲಿಕ್ಕೆ ನೀರು', 'ಹೋಗಲಿಕ್ಕೆ ಅನುಮತಿ', 'ಓದಲಿಕ್ಕೆ ಸಮಯ' ಎಂದು ಮೂರು ವರ್ಷದ ಮಗುವೂ ಕಿವಿಯಲ್ಲಿ ತುಂಬಿಕೊಂಡಿರುತ್ತದೆ. ಕೊನೆಯ 'ಕ್ಕೆ'ಯನ್ನು ಗಮನಿಸಿ. ಅದು ಚತುರ್ಥೀ ವಿಭಕ್ತಿ. 'ಊರಿಗೆ', 'ಮರಕ್ಕೆ' ಎಂಬಲ್ಲಿ ಇರುವುದೂ ಅದೇ. ಇನ್ನು ಇಂಗ್ಲಿಷಿನ 'ಟು' ಏನು? 'ಟು ಸ್ಕೂಲ್' ಎಂಬಲ್ಲಿ ಇರುವ 'ಟು'ವೇ ತಾನೇ? ಹಳೆಯ ಇಂಗ್ಲಿಷಿನಲ್ಲಿ ಈ 'ಟು'ವಿನ ಮುಂದೆ ಬರುತ್ತಿದ್ದ ಕ್ರಿಯಾರೂಪವು ಚತುರ್ಥಿಯ ಪ್ರತ್ಯಯವನ್ನೇ ಹೊತ್ತಿರುತ್ತಿತ್ತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದುಹೋಗಿ 'ಟು' ಮಾತ್ರ ಉಳಿಯಿತು. ಸಾವಿರಾರು ಮೈಲಿ ದೂರದ, ಯಾವ ರಕ್ತಸಂಬಂಧವೂ ಇಲ್ಲದ ಎರಡು ಭಾಷೆಗಳು ಒಂದೇ ಬಗೆಯಲ್ಲಿ ಯೋಚಿಸಿವೆ: ಮಾಡಬೇಕಾದ ಕೆಲಸವೆಂದರೆ ಮನಸ್ಸು ಅದರ ಕಡೆಗೆ ನಡೆಯುವುದು. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ತೋರಿಸಲು ಹತ್ತು ನಿಮಿಷ ಸಾಕು.

ಹೀಗೆ ತೋರಿಸಿದ ಮೇಲೆ ಮಗುವಿನ ಕೈಗೆ ಒಂದು ಪರೀಕ್ಷೆಯನ್ನು ಕೊಡಬಹುದು. ನಾಮಪದದ ಮುಂಚೆ 'ಅಲಿಕ್ಕೆ' ಹಾಕಿ ನೋಡು. 'ಹೋಗಲಿಕ್ಕೆ ಅನುಮತಿ' ಸರಿಯಾಗಿ ಕೂರುತ್ತದೆ, 'ಟು' ಬರುತ್ತದೆ. 'ಸುಳ್ಳು ಹೇಳಲಿಕ್ಕೆ ಚಟ' ಎಂದು ಯಾವ ಕನ್ನಡಿಗನೂ ಹೇಳನು, 'ಆಫ್' ಬರುತ್ತದೆ. 'ಬೀಳಲಿಕ್ಕೆ ಅಪಾಯ' ಎನ್ನುವುದಿಲ್ಲ. 'ರಿಸ್ಕ್ ಆಫ್ ಫಾಲಿಂಗ್'.

ಇದು ಎಲ್ಲ ಬೀಗಕ್ಕೂ ತಗಲುವ ಕೀಲಿಯಲ್ಲ. 'ಈಜುವ ಸಾಮರ್ಥ್ಯ' ಎನ್ನುವುದೇ ನಮಗೆ ಸಹಜ, ಆದರೂ ಇಂಗ್ಲಿಷಿನಲ್ಲಿ 'ಎಬಿಲಿಟಿ ಟು ಸ್ವಿಮ್'. ಇಲ್ಲಿ ಎರಡನೆಯ ಉಪಾಯ ಬೇಕು: ನಾಮಪದದ ಮನೆತನವನ್ನು ವಿಚಾರಿಸುವುದು. 'ಏಬಲ್ ಟು' ಇದ್ದುದರಿಂದ 'ಎಬಿಲಿಟಿ ಟು', 'ಡಿಸೈಡ್ ಟು' ಇದ್ದುದರಿಂದ 'ಡಿಸಿಷನ್ ಟು', 'ರೆಫ್ಯೂಸ್ ಟು' ಇದ್ದುದರಿಂದ 'ರೆಫ್ಯೂಸಲ್ ಟು'. ಮನೆತನ ಬಿಟ್ಟು ನಡೆಯುವ ಮಕ್ಕಳೂ ಇದ್ದಾರೆ: ಕ್ರಿಯಾಪದ 'ಪ್ರಿಫರ್ ಟು' ಆದರೂ ನಾಮಪದ 'ಪ್ರಿಫರೆನ್ಸ್ ಫಾರ್' ಆಗುತ್ತದೆ. ಹಾಗೆಯೇ 'ಅರ್ಥಮಾಡಿಕೊಳ್ಳಲಿಕ್ಕೆ ಕಷ್ಟ', 'ಕಲಿಯಲಿಕ್ಕೆ ಆಸಕ್ತಿ' ಎಂಬಲ್ಲಿ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ 'ಇನ್' ಬೇಕು. ದಾರಿ ತಪ್ಪುವ ಜಾಗ ಇದೇ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುವುದು ಕೂಡ ಎರಡು ಭಾಷೆಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಮಾತ್ರ.

ಇನ್ನೊಂದು ಉದಾಹರಣೆ ನೋಡಿ. ನಾವು 'ವಾಸಿಸಲು ಮನೆ', 'ಕೂರಲು ಕುರ್ಚಿ', 'ಬರೆಯಲು ಪೆನ್ನು' ಎನ್ನುತ್ತೇವೆ. ಮನೆಯ 'ಒಳಗೆ', ಕುರ್ಚಿಯ 'ಮೇಲೆ', ಪೆನ್ನಿ'ನಿಂದ' ಎಂಬ ಸಂಬಂಧಗಳನ್ನು ಕನ್ನಡ ನುಂಗಿಬಿಡುತ್ತದೆ. ಇಂಗ್ಲಿಷ್ ನುಂಗುವುದಿಲ್ಲ. 'ಎ ಹೌಸ್ ಟು ಲಿವ್ ಇನ್', 'ಎ ಚೇರ್ ಟು ಸಿಟ್ ಆನ್', 'ಎ ಪೆನ್ ಟು ರೈಟ್ ವಿತ್' ಎಂದು ಬಾಲವನ್ನು ಉಳಿಸಿಕೊಳ್ಳುತ್ತದೆ. ನಮ್ಮ ಮಕ್ಕಳು ಆ ಬಾಲವನ್ನು ಬಿಡುವುದು ಏಕೆಂದು ಕನ್ನಡವನ್ನು ಮುಟ್ಟದೆ ವಿವರಿಸಬಲ್ಲವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

'ಟು' ಎಂಬುದು ಎರಡು ವೇಷಗಳಲ್ಲಿ ಬರುತ್ತದೆಂಬುದನ್ನೂ ಹೇಳಬೇಕು. ನಮ್ಮ ಸಂವಿಧಾನದ 19ನೇ ವಿಧಿಯ ಮೊದಲ ಖಂಡದ ಇಂಗ್ಲಿಷ್ ಪಾಠವನ್ನು ತೆರೆದು ನೋಡಿ. 'ರೈಟ್' ಎಂಬ ಒಂದೇ ನಾಮಪದಕ್ಕೆ, (ಎ) ಉಪಖಂಡದಲ್ಲಿ 'ಟು' ಆದ ಮೇಲೆ 'ಫ್ರೀಡಂ' ಎಂಬ ನಾಮಪದ ಬರುತ್ತದೆ. (ಬಿ) ಉಪಖಂಡದಲ್ಲಿ 'ಅಸೆಂಬಲ್' ಎಂಬ ಕ್ರಿಯಾಪದ ಬರುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಹೆಸರಿನಲ್ಲಿಯೂ 'ಟು' ಆದ ಮೇಲೆ ನಾಮಪದವೇ ಇದೆ. ಕನ್ನಡದ ಮಗುವಿಗೆ ಇದು ಸೋಜಿಗವಲ್ಲ. 'ಮಾಹಿತಿಗೆ', 'ಸೇರಲಿಕ್ಕೆ' ಎರಡರಲ್ಲೂ ಅದಕ್ಕೆ ಅದೇ ಚತುರ್ಥಿ ಕಾಣುತ್ತದೆ. ಪೌರನೀತಿಯ ಪಾಠವೂ ವ್ಯಾಕರಣದ ಪಾಠವೂ ಒಂದೇ ಪುಟದಲ್ಲಿ ಆಗಿಹೋಗುತ್ತದೆ!

ಕನ್ನಡ ಬಳಸಿದರೆ ಮಕ್ಕಳು ಕನ್ನಡದಲ್ಲಿಯೇ ಯೋಚಿಸುತ್ತಾರೆ ಎಂಬುದು ಎದುರಾಳಿಗಳ ಬ್ರಹ್ಮಾಸ್ತ್ರ. ಸ್ವಾಮಿ, ಬಳಸದಿದ್ದರೂ ಅವರು ಕನ್ನಡದಲ್ಲಿಯೇ ಯೋಚಿಸುತ್ತಾರೆ. ಬಾಯಿ ಮುಚ್ಚಿಸಿದ ಮಾತ್ರಕ್ಕೆ ಮನಸ್ಸು ಮುಚ್ಚೀತೇ? ಗುಟ್ಟಾಗಿ ನಡೆಯುವ ಭಾಷಾಂತರವೇ 'ಡಿಫಿಕಲ್ಟಿ ಟು ಅಂಡರ್‌ಸ್ಟ್ಯಾಂಡ್' ಎಂಬ ರೂಪದಲ್ಲಿ ಹೊರಬೀಳುತ್ತದೆ. ಗುಟ್ಟನ್ನು ಬಯಲಿಗೆ ತಂದರೆ ತಿದ್ದಬಹುದು. ಕತ್ತಲಲ್ಲಿಟ್ಟರೆ ಅದು ಜೀವನಪರ್ಯಂತ ಉಳಿಯುತ್ತದೆ. ಇಡೀ ಪಾಠವನ್ನು ಕನ್ನಡದಲ್ಲಿ ಅನುವಾದಿಸಿ ಒಪ್ಪಿಸುವ ಸೋಮಾರಿತನವನ್ನು ನಾನು ಸಮರ್ಥಿಸುತ್ತಿಲ್ಲ. ಕಿವಿಗೆ ಇಂಗ್ಲಿಷ್ ಧಾರಾಳವಾಗಿ ಬೀಳಲೇಬೇಕು. ಆದರೆ ತೊಡಕು ಬಂದಲ್ಲಿ ಬಿಡಿಸಲು ಮನೆಯ ಮಾತನ್ನು ಕರೆಯುವುದು ಸೋಮಾರಿತನವಲ್ಲ, ವೃತ್ತಿಧರ್ಮ.

ಇನ್ನು ಗೈಡುಗಳ ವಿಷಯ. ಅವುಗಳಲ್ಲಿ ಇನ್ಫಿನಿಟಿವ್ ಎಂದರೆ ಕ್ರಿಯಾಪದದ ಹಿಂದೆ ಬರುವ 'ವಾಂಟ್ ಟು ಗೋ' ಒಂದೇ; ನಾಮಪದಗಳ ಕಥೆ ಎರಡು ಸಾಲಿನಲ್ಲಿ ಮುಗಿಯುತ್ತದೆ, ಇಲ್ಲವೇ ಉರುಹೊಡೆಯಲು ಒಂದು ಉದ್ದನೆಯ ಪಟ್ಟಿಯಾಗುತ್ತದೆ. ಇದಕ್ಕಿಂತ ಒಂದು ಒಳ್ಳೆಯ ನಿಘಂಟು ಲೇಸು. ಎ. ಎಸ್. ಹಾರ್ನ್‌ಬಿಯವರು 1954ರಲ್ಲಿಯೇ ಇಂಗ್ಲಿಷ್ ವಾಕ್ಯಮಾದರಿಗಳ ಪುಸ್ತಕದಲ್ಲಿ ನಾಮಪದದ ಮಾದರಿಗಳಿಗೂ ಸ್ಥಾನ ಕೊಟ್ಟಿದ್ದರು. ಅವರ ಪರಂಪರೆಯ ಕಲಿಕೆಯ ನಿಘಂಟುಗಳು ನಾಮಪದದ ಮುಂದೆ 'ಟು' ಬರುವುದೋ 'ಆಫ್' ಬರುವುದೋ ಎಂದು ಸೂಚಿಸುತ್ತವೆ. ಅದನ್ನು ತೆರೆದು ನೋಡುವ ಅಭ್ಯಾಸ ಹಿಡಿಸಿದರೆ ಪಟ್ಟಿಯ ಹೊರೆ ತಾನಾಗಿ ಇಳಿಯುತ್ತದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದರು. ಎಂದಿನಿಂದ ಕಲಿಸಬೇಕೆಂಬುದರ ಬಗ್ಗೆ ನಾವು ಸಾಕಷ್ಟು ಜಗಳವಾಡಿದ್ದೇವೆ. ಹೇಗೆ ಕಲಿಸಬೇಕೆಂಬುದರ ಬಗ್ಗೆ ಇನ್ನಾದರೂ ಜಗಳವಾಡೋಣ. ಈಗಲೂ ಸೇವೆಯಲ್ಲಿರುವ ನನ್ನ ವೃತ್ತಿಬಾಂಧವರಲ್ಲಿ ನನ್ನ ಬಿನ್ನಹ ಇಷ್ಟೇ: ನಾಳೆ ಇನ್ಫಿನಿಟಿವ್ ಪಾಠ ಮಾಡುವಾಗ ಮೊದಲು 'ಕುಡಿಯಲಿಕ್ಕೆ ನೀರು' ಎಂದು ಬರೆಯಿರಿ, ಅದರ ಕೆಳಗೆ 'ವಾಟರ್ ಟು ಡ್ರಿಂಕ್' ಎಂದು ಬರೆಯಿರಿ, 'ಕ್ಕೆ'ಯಿಂದ 'ಟು'ವಿಗೆ ಒಂದು ಗೆರೆ ಎಳೆಯಿರಿ. ಆಮೇಲೆ ಮಕ್ಕಳ ಮುಖ ನೋಡಿ.