ನಗಿಸಿದ್ದಕ್ಕೆ ಪ್ರಶಸ್ತಿ ಇಲ್ಲವೇ? ಉಮಾಶ್ರೀ ನೆಪದಲ್ಲಿ ಒಂದು ಪ್ರಶ್ನೆ

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ. 2013ರಲ್ಲಿ ಉಮಾಶ್ರೀ ತೇರದಾಳದಿಂದ ಗೆದ್ದು ಸಿದ್ದರಾಮಯ್ಯ ಸಂಪುಟದಲ್ಲಿ ಕನ್ನಡ ಮತ್ತು ಸಂಸ್ಕೃತಿ ಖಾತೆ ವಹಿಸಿಕೊಂಡಾಗ ನಾನು ಹಾಸ್ಟೆಲಿನಲ್ಲಿದ್ದೆ. ಅವರ ಹಳೇ ಸಿನಿಮಾದ ಒಂದು ತುಣುಕು ನಮ್ಮ ವಾಟ್ಸಾಪ್ ಗ್ರೂಪಿಗೆ ಬಂತು. ದ್ವಂದ್ವಾರ್ಥದ ಮಾತು, ಕೆಳಗೆ 'ಸಂಸ್ಕೃತಿ' ಅನ್ನೋ ಪದ ಇಟ್ಟುಕೊಂಡು ಒಂದು ಕುಹಕ. ನಾನೂ ನಕ್ಕೆ. ಇನ್ನೆರಡು ಗ್ರೂಪಿಗೆ ಕಳಿಸಿದೆ. ಆ ತುಣುಕಿನಲ್ಲಿ ಅವರ ಎದುರಿಗೆ ಒಬ್ಬ ನಟನೂ ಇದ್ದ, ಅರ್ಧ ಮಾತು ಅವನದ್ದೇ. ಅವನ ಸಂಸ್ಕೃತಿಯ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಷ್ಟೊತ್ತಿಗೆ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದ ನಟಿ. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಚಿತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ 2010ರ ಜನವರಿಯಲ್ಲಿ ಘೋಷಣೆಯಾಗಿತ್ತು. ಕನ್ನಡ ಚಿತ್ರವೊಂದರ ಅಭಿನಯಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದು ಮೂರನೇ ಸಲ ಮಾತ್ರ. 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 'ಹಸೀನಾ' ಚಿತ್ರಕ್ಕೆ ತಾರಾ, ಆಮೇಲೆ ಇವರು. ಮೂರೂ ಗಂಭೀರ ಚಿತ್ರಗಳು, ಮೂರರಲ್ಲೂ ನೋವು ತಿನ್ನುವ ಹೆಂಗಸರು. ಉಮಾಶ್ರೀಗೆ ಪ್ರಶಸ್ತಿ ಬಂದಾಗ ಎಲ್ಲರೂ ಸಂತೋಷಪಟ್ಟರು, ನಿಜ. ಆದರೆ ಆ ಸಂತೋಷದ ಒಳಗೆ ಒಂದು ಆಶ್ಚರ್ಯ ಇತ್ತು: ಅರೆ, ಇವರಿಗೆ ಇಷ್ಟು ಚೆನ್ನಾಗಿ ನಟನೆ ಬರುತ್ತಾ?

ಈ ಆಶ್ಚರ್ಯವೇ ನನ್ನ ತಕರಾರು.

ಯಾಕೆಂದರೆ ಉಮಾಶ್ರೀ ಅವರಿಗೆ ನಟನೆ ಬರುತ್ತೆ ಅನ್ನೋದು ಗುಟ್ಟೇನೂ ಆಗಿರಲಿಲ್ಲ. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ.ಕೆ. ರಂಗಕ್ಕೆ ತಂದಾಗ ಸಾಕವ್ವನಾದವರು ಇವರೇ. ಕಳೆದುಹೋದ ಹುಂಜ ಹುಡುಕಿಕೊಂಡು ಊರೆಲ್ಲ ಬೈಯುವ ಆ ಮುದುಕಿಯನ್ನು ನೋಡಿದವರು ಇವತ್ತಿಗೂ ಅದರ ಬಗ್ಗೆ ಮಾತಾಡ್ತಾರೆ. ಸಾಕವ್ವ ನಗಿಸ್ತಾಳೆ. ಹಸಿವಿನ ಮನೆಯಲ್ಲಿ ಕೂತು ನಗಿಸ್ತಾಳೆ. ಅಲ್ಲಿ ನಗು ಮತ್ತು ಸಂಕಟವನ್ನು ಬೇರೆ ಬೇರೆ ಡಬ್ಬಿಗೆ ಹಾಕೋಕೆ ಆಗಲ್ಲ. ಸಿನಿಮಾ ಮಾತ್ರ ಹಾಗೆ ಹಾಕಿತು. ಕಾಶೀನಾಥ್ ಅವರ 'ಅನುಭವ' (1984) ಹೆಸರು ತಂದುಕೊಟ್ಟ ಮೇಲೆ ಎರಡು ದಶಕ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದೇ ಅಚ್ಚಿನ ಪಾತ್ರಗಳು: ಜೋರುಬಾಯಿಯ ಹೆಂಗಸು, ಹಾಸ್ಯನಟನ ಜೋಡಿ, ಗಂಡನಿಗೆ ಪೊರಕೆ ಎತ್ತುವ ಹೆಂಡತಿ. ಆ ಸಂಭಾಷಣೆ ಬರೆದವರು ಗಂಡಸರು, ನಿರ್ದೇಶಿಸಿದವರು ಗಂಡಸರು, ಶಿಳ್ಳೆ ಹೊಡೆದವರೂ ಬಹುಪಾಲು ಗಂಡಸರು. ಕೊನೆಗೆ ಅಶ್ಲೀಲ ಅನ್ನೋ ಹಣೆಪಟ್ಟಿ ಅಂಟಿಕೊಂಡಿದ್ದು ಮಾತಾಡಿದ ಹೆಂಗಸಿಗೆ.

ಆ ಎಲ್ಲ ಚಿತ್ರಗಳೂ ಒಳ್ಳೆಯವು ಅಂತ ನಾನು ವಾದಿಸ್ತಿಲ್ಲ. ಕೆಲವನ್ನು ಇವತ್ತು ಕೂತು ನೋಡೋದು ಕಷ್ಟ. ಆದರೆ ಕಳಪೆ ಸಾಲನ್ನು ಪ್ರೇಕ್ಷಕ ನಗುವ ಹಾಗೆ ಹೇಳೋದು ಒಂದು ಕಸುಬು, ಅದಕ್ಕೂ ಉಸಿರಿನ ಲೆಕ್ಕ ಬೇಕು, ಕಿವಿ ಬೇಕು. ಆ ಕಸುಬಿಗೆ ನಾವು ಏನು ಕೊಟ್ಟಿದ್ದೀವಿ?

ಪಕ್ಕದ ರಾಜ್ಯಗಳಲ್ಲೂ ಇದೇ ಕತೆ. ಮಲಯಾಳಂನ ಕಲ್ಪನಾ ಕೇರಳವನ್ನು ವರ್ಷಗಟ್ಟಲೆ ನಗಿಸಿದವರು. ರಾಷ್ಟ್ರಪ್ರಶಸ್ತಿ ಬಂದಿದ್ದು 2012ರ 'ತನಿಚ್ಚಲ್ಲ ಞಾನ್' ಅನ್ನೋ ಗಂಭೀರ ಚಿತ್ರಕ್ಕೆ. ಸಾವಿರಕ್ಕೂ ಹೆಚ್ಚು ಚಿತ್ರಗಳ ಮನೋರಮಾ ಅವರಿಗೆ 1989ರ 'ಪುದಿಯ ಪಾದೈ' ಚಿತ್ರಕ್ಕೆ ಪೋಷಕ ನಟಿ ಪ್ರಶಸ್ತಿ ಸಿಕ್ಕಿತು. 'ತಿಲ್ಲಾನಾ ಮೋಹನಾಂಬಾಳ್' ಚಿತ್ರದ ಜಿಲ್ ಜಿಲ್ ರಮಾಮಣಿಯನ್ನು ತಮಿಳರು ಇನ್ನೂ ಮರೆತಿಲ್ಲ, ಆ ಚಿತ್ರ ಬಂದಿದ್ದು 1968ರಲ್ಲಿ.

ಇದು ಗಂಡಸರಿಗೂ ಆಗುತ್ತಲ್ಲ ಅಂತ ಯಾರಾದರೂ ಕೇಳಬಹುದು. ಆಗುತ್ತೆ. ಸಲೀಂ ಕುಮಾರ್, ಸೂರಜ್ ವೆಂಞಾರಮೂಡು ಇಬ್ಬರೂ ಹಾಸ್ಯನಟರು, ಇಬ್ಬರಿಗೂ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿದ್ದು ನಗು ಬಿಟ್ಟಾಗಲೇ. ಅಂದರೆ ಹಾಸ್ಯ ಅಂದ್ರೇನೇ ತೀರ್ಪುಗಾರರಿಗೆ ಎರಡನೇ ದರ್ಜೆ. ಆದರೆ ಹಾಸ್ಯನಟ ನಾಯಕನಾಗಬಹುದು, ನಿರ್ಮಾಪಕನಾಗಬಹುದು, ದ್ವಾರಕೀಶ್ ಅವರಂತೆ ತನ್ನ ಕುಳ್ಳತನವನ್ನೇ ಬ್ರಾಂಡ್ ಮಾಡಿಕೊಳ್ಳಬಹುದು. ಹಾಸ್ಯನಟಿಗೆ ಆ ಬಾಗಿಲು ತೆರೆದಿದ್ದು ತೀರಾ ಅಪರೂಪ.

ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿಯಾದದ್ದು. 'ವಿಕಿ ಡೋನರ್' ಚಿತ್ರದ ಡಾಲಿ ಅಹ್ಲುವಾಲಿಯಾ ಅವರಿಗೆ, 'ಬಧಾಯಿ ಹೋ' ಚಿತ್ರದ ಸುರೇಖಾ ಸಿಕ್ರಿ ಅವರಿಗೆ ನಗಿಸಿದ್ದಕ್ಕೇ ಪೋಷಕ ನಟಿ ಪ್ರಶಸ್ತಿ ಬಂತಲ್ಲ? ಬಂತು. ಡಾಲಿಯವರು ಅದನ್ನು ಹಂಚಿಕೊಂಡಿದ್ದು ಇದೇ ಕಲ್ಪನಾ ಅವರ ಜೊತೆ. ಹಾಗಾಗಿ ನನ್ನ ವಾದವನ್ನು ಸ್ವಲ್ಪ ತಿದ್ದಬೇಕು. ನಗುವಿನಲ್ಲೂ ದರ್ಜೆ ಇದೆ. ದಿಲ್ಲಿಯ ಮಧ್ಯಮವರ್ಗದ ಮನೆಯೊಳಗಿನ ನಗು, ಹಿಂದಿಯಲ್ಲಿ, 'ಕಂಟೆಂಟ್ ಸಿನಿಮಾ' ಅನ್ನೋ ಚೀಟಿ ಹಚ್ಚಿಕೊಂಡು ಬಂದರೆ ಅದು ಕಲೆ. ಹಳ್ಳಿಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು ಕನ್ನಡದಲ್ಲಿ ಬೈದು ನಗಿಸಿದರೆ ಅದು ಗಾಂಧಿನಗರದ ಮಸಾಲೆ. ಯಾರ ಬಾಯಲ್ಲಿ ಬಂದ ಬೈಗುಳ ಮುದ್ದು, ಯಾರದ್ದು ಒರಟು ಅನ್ನೋ ತೀರ್ಮಾನದಲ್ಲಿ ವರ್ಗವೂ ಇದೆ, ಜಾತಿಯೂ ಇದೆ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

2024ರ ಆಗಸ್ಟ್ ನೆನಪಿಸಿಕೊಳ್ಳಿ. ಬೆಂಗಳೂರಿನ ಹುಡುಗಿ ನಿತ್ಯಾ ಮೆನನ್ ಅವರಿಗೆ ತಮಿಳಿನ 'ತಿರುಚ್ಚಿಟ್ರಂಬಲಂ' ಚಿತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ಮಾನಸಿ ಪಾರೇಖ್ ಜೊತೆ ಹಂಚಿಕೊಂಡು. ಚಟಾಕಿ ಹಾರಿಸುವ, ಹಗುರಾಗಿ ನಡೆಯುವ ಗೆಳತಿಯ ಪಾತ್ರ ಅದು. ಸೋಶಿಯಲ್ ಮೀಡಿಯಾದಲ್ಲಿ ತಕ್ಷಣ ಗಲಾಟೆ: 'ಗಾರ್ಗಿ' ಚಿತ್ರದ ಸಾಯಿ ಪಲ್ಲವಿಗೆ ಬಿಟ್ಟು ಇದಕ್ಕಾ? 'ಗಾರ್ಗಿ' ಒಳ್ಳೆಯ ಚಿತ್ರ, ಸಾಯಿ ಪಲ್ಲವಿ ಅದರಲ್ಲಿ ಅದ್ಭುತ. ಆದರೂ ಆ ಚರ್ಚೆಯಲ್ಲಿ ಬಹಳ ಜನ ಆಡಿದ ಮಾತಿನ ಧಾಟಿ ಒಂದೇ, ಅಷ್ಟು ಅತ್ತವಳಿಗೆ ಕೊಡದೆ ಹೀಗೆ ಸುಮ್ಮನೆ ಓಡಾಡಿದವಳಿಗೆ ಕೊಟ್ಟರಲ್ಲ ಅಂತ. ತೀರ್ಪುಗಾರರನ್ನಷ್ಟೇ ಬೈದು ಪ್ರಯೋಜನ ಇಲ್ಲ ಅಂತ ಅವತ್ತು ಅನ್ನಿಸಿತು. ನಮ್ಮ ತಕ್ಕಡಿಯೂ ಅದೇ.

ಹಾಗಾದರೆ ಹಾಸ್ಯನಟಿಗೆ ಬೇರೆ ವಿಭಾಗ ಮಾಡಿದರೆ ಸರಿಹೋಗುತ್ತಾ? ಆಂಧ್ರದ ನಂದಿ ಪ್ರಶಸ್ತಿಯಲ್ಲಿ ಹಾಸ್ಯನಟಿಯರಿಗೇ ಅಂತ ಪ್ರತ್ಯೇಕ ವಿಭಾಗ ಇತ್ತು. ಅದು ಗೌರವವೂ ಹೌದು, ಬೇಲಿಯೂ ಹೌದು. 'ನಿಮಗೆ ನಿಮ್ಮದೇ ಕೊಟ್ಟಿದ್ದೀವಲ್ಲ' ಅಂತ ಮುಖ್ಯ ಪ್ರಶಸ್ತಿಯಿಂದ ದೂರ ಇಡೋಕೆ ಸುಲಭದ ದಾರಿ. ಇನ್ನು ತೆಲಂಗಾಣ 2025ರಲ್ಲಿ ಕೊಟ್ಟ ಗದ್ದರ್ ಪ್ರಶಸ್ತಿಯಲ್ಲಿ 2024ರ ಅತ್ಯುತ್ತಮ ಹಾಸ್ಯ ಕಲಾವಿದ ಅನ್ನೋ ಗೌರವವನ್ನು ಇಬ್ಬರು ಹಂಚಿಕೊಂಡರು, ಸತ್ಯ ಮತ್ತು ವೆನ್ನೆಲ ಕಿಶೋರ್. ಇಬ್ಬರೂ ಗಂಡಸರು. ಬೇಲಿ ತೆಗೆದರೆ ಹೀಗೂ ಆಗುತ್ತೆ. ನನ್ನ ಹತ್ತಿರ ಇದಕ್ಕೆ ಚೊಕ್ಕ ಉತ್ತರ ಇಲ್ಲ. ತೀರ್ಪುಗಾರರ ಸಮಿತಿಯಲ್ಲಿ ರಂಗಭೂಮಿಯವರು, ಹಾಸ್ಯ ಬರೆಯುವವರು, ಮುಖ್ಯವಾಗಿ ಹೆಂಗಸರು ಜಾಸ್ತಿ ಕೂತರೆ ಕಣ್ಣು ಬದಲಾಗಬಹುದು ಅಂತ ಅಷ್ಟೇ ಹೇಳಬಲ್ಲೆ.

ನಮ್ಮ ರಾಜ್ಯದ ವಿಚಾರಕ್ಕೆ ಬಂದರೆ, ಇಲ್ಲಿ ಪ್ರಶಸ್ತಿ ಹೊತ್ತಿಗೆ ಸರಿಯಾಗಿ ಬಂದರೆ ಅದೇ ಸುದ್ದಿ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿ ಘೋಷಣೆಯಾಗಿದ್ದು 2025ರ ಜನವರಿಯಲ್ಲಿ. 1992ರಲ್ಲಿ ಕುವೆಂಪು ಮತ್ತು ರಾಜ್‌ಕುಮಾರ್ ಅವರಿಂದ ಶುರುವಾದ ಕರ್ನಾಟಕ ರತ್ನಕ್ಕೆ ಮೊದಲ ಹೆಣ್ಣಿನ ಹೆಸರು ಸೇರಿದ್ದು 2025ರ ಸೆಪ್ಟೆಂಬರಿನಲ್ಲಿ, ಬಿ. ಸರೋಜಾದೇವಿ ಅವರದ್ದು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ನಾಯಕಿಯಾಗಿ ಮೆರೆದವರಿಗೇ ಮೂವತ್ತಮೂರು ವರ್ಷ ಬೇಕಾಯಿತು. ಹಾಸ್ಯನಟಿಯ ಸರದಿ ಯಾವಾಗ ಅಂತ ಲೆಕ್ಕ ಹಾಕೋಕೆ ಹೋಗಲ್ಲ.

ಉಮಾಶ್ರೀ ಅವರ ಬದುಕು ಇದಕ್ಕೆಲ್ಲ ಕಾದು ಕೂತಿಲ್ಲ ಅನ್ನೋದು ಸಮಾಧಾನ. ತೇರದಾಳದಲ್ಲಿ 2008ರಲ್ಲಿ ಸೋತು, 2013ರಲ್ಲಿ ಗೆದ್ದು, 2018ರಲ್ಲಿ ಮತ್ತೆ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮಂತ್ರಿಯಾಗಿ ಅವರ ಕೆಲಸವನ್ನು ಟೀಕಿಸೋಕೆ ಕಾರಣಗಳಿದ್ದರೆ ಖಂಡಿತ ಟೀಕಿಸಬೇಕು. ಹಳೇ ಸಿನಿಮಾದ ತುಣುಕು ಟೀಕೆ ಅಲ್ಲ. ಈ ನಡುವೆ 'ರತ್ನನ್ ಪ್ರಪಂಚ' (2021) ಚಿತ್ರದ ಬಾಯಿಬಡುಕಿ ತಾಯಿ ಸರೋಜಾ ಪಾತ್ರಕ್ಕೆ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿ ಬಂತು. ಬೈತಾ ಬೈತಾ ಮಗನನ್ನು ಉಸಿರುಗಟ್ಟಿಸುವ ಆ ತಾಯಿಯಲ್ಲಿ ಹಳೇ ಉಮಾಶ್ರೀ ಪೂರ್ತಿ ಇದ್ದಾರೆ, ಅದೇ ಜೋರು, ಅದೇ ಕೈಬೀಸು. ಈ ಸಲ ಯಾರೂ ಅದನ್ನು ಕೀಳು ಅನ್ನಲಿಲ್ಲ. ಸುತ್ತಲಿನ ಚಿತ್ರ ಬದಲಾಗಿತ್ತು.

ಈ ಲೇಖನ ಬರೆಯೋ ಮುಂಚೆ ಹಾಸ್ಟೆಲಿನ ಆ ತುಣುಕನ್ನು ಮತ್ತೆ ಹುಡುಕಿ ನೋಡಿದೆ. ಅಮ್ಮ ಪಕ್ಕದಲ್ಲೇ ಕೂತಿದ್ದರು. 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ದಿನಗಳಿಂದ ಅಮ್ಮನಿಗೆ ಉಮಾಶ್ರೀ ಅಂದ್ರೆ ಪುಟ್ಟಕ್ಕನೇ. "ಇದೇನೋ ಇದು, ಆಫ್ ಮಾಡು" ಅಂದರು, ಆದರೆ ಎದ್ದು ಹೋಗಲಿಲ್ಲ. ಸಾಲು ನಾನು ನೆನಪಿಟ್ಟುಕೊಂಡಷ್ಟೇ ಕೆಟ್ಟದಾಗಿತ್ತು. ಆದರೆ ಅದನ್ನು ಹೇಳುವ ಮುಂಚೆ ಉಮಾಶ್ರೀ ಒಂದು ಕ್ಷಣ ನಿಲ್ಲುತ್ತಾರೆ. ಎದುರಿನ ನಟನನ್ನು ಕೆಳಗಿನಿಂದ ಮೇಲಿನವರೆಗೆ ನೋಡುತ್ತಾರೆ. ಅವನ ಮುಖ ಇಳಿಯುತ್ತೆ. ಆಮೇಲೆ ಮಾತು ಬರುತ್ತೆ. ಅಮ್ಮ ನಕ್ಕಿದ್ದು ಮಾತಿಗಲ್ಲ, ಆ ನೋಟಕ್ಕೆ.