‘ಇಲ್ಲ’ ಎನ್ನುವವರ ಹೊಣೆ

ಕ್ಷೌರದ ಕತ್ತರಿಗೂ ಮೇಕಪ್ ಬ್ರಶ್ಶಿಗೂ ಪರವಾನಗಿ ಏಕೆ ಬೇಕೆಂದು ನಗುವವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರ ಕೆನ್ನೆಯನ್ನು ಗೀರಿದರೆ ಹೆಪಟೈಟಿಸ್ ಬಿ ಹರಡಬಹುದು. ಆದ್ದರಿಂದ ಈ ಕಸುಬುಗಳಿಗೆ ನಿಯಮ ಬೇಕು. ನಿಯಮ ಮೀರಿದವರಿಗೆ ‘ಇಲ್ಲ’ ಎನ್ನುವ ಅಧಿಕಾರವೂ ಯಾರಿಗಾದರೂ ಇರಬೇಕು. ನನ್ನ ತಕರಾರು ಆ ‘ಇಲ್ಲ’ದ ಆಚೆಗಿನದು. ಕಾರಣ ತಿಳಿಸದೆ, ಮೇಲ್ಮನವಿಯ ದಾರಿ ತೋರಿಸದೆ ಒಬ್ಬರ ಅನ್ನಕ್ಕೆ ಅಡ್ಡಬರುವ ಅಧಿಕಾರ ಯಾವ ಸಂಸ್ಥೆಗೂ ಇರಕೂಡದು.

ಮುಂಬಯಿಯ ಉದಾಹರಣೆಯನ್ನೇ ನೋಡೋಣ. ಹಿಂದಿ ಚಿತ್ರರಂಗದ ವೇಷಭೂಷಣ, ಮೇಕಪ್ ಮತ್ತು ಕೇಶವಿನ್ಯಾಸದ ಕೆಲಸಗಾರರ ಸಂಘವು 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ನೋಂದಣಿಯಾದ ಕಾರ್ಮಿಕ ಸಂಘ. ಅದರ ಸದಸ್ಯತ್ವದ ಕಾರ್ಡು ಕಾನೂನಿನ ಲೆಕ್ಕದಲ್ಲಿ ಪರವಾನಗಿಯಲ್ಲ; ವ್ಯವಹಾರದಲ್ಲಿ ಮಾತ್ರ ಅದೇ ಪರವಾನಗಿ. ಹೆಂಗಸರು ಕೂದಲು ಸಿಂಗರಿಸಬಹುದು, ಮೇಕಪ್ ಮಾಡಕೂಡದು ಎಂಬುದು ಸಂಘದ ಕಟ್ಟಳೆಯಾಗಿತ್ತು. ಸದಸ್ಯರಾಗಬಯಸುವವರು ಮಹಾರಾಷ್ಟ್ರದಲ್ಲಿ 5 ವರ್ಷ ನೆಲೆಸಿರಬೇಕೆಂಬುದು ಇನ್ನೊಂದು. ಲಾಸ್ ಏಂಜಲೀಸ್‌ನಲ್ಲಿ ಮೇಕಪ್ ಕಲಿತುಬಂದ ಚಾರು ಖುರಾನಾ ಅವರ ಅರ್ಜಿಯನ್ನು ಸಂಘ 2009ರಲ್ಲಿ ತಿರಸ್ಕರಿಸಿತು. 2014ರ ನವೆಂಬರ್ 10ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು. ಯು. ಲಲಿತ್ ಅವರು ಈ ಎರಡೂ ಕಟ್ಟಳೆಗಳನ್ನು ಅಳಿಸಿಹಾಕಿ, 4 ವಾರಗಳೊಳಗೆ ಅರ್ಜಿದಾರರಿಗೆ ಸದಸ್ಯತ್ವ ದೊರೆಯುವಂತೆ ನೋಡಿಕೊಳ್ಳಲು ಟ್ರೇಡ್ ಯೂನಿಯನ್ ರಿಜಿಸ್ಟ್ರಾರರಿಗೆ ಆದೇಶಿಸಿದರು.

ಕೊನೆಗೂ ನ್ಯಾಯ ಸಿಕ್ಕಿತಲ್ಲ ಎಂದು ಸಮಾಧಾನ ಹೇಳುವವರನ್ನು ನಾನು ಕೇಳುವುದಿಷ್ಟೆ: ಒಂದು ಕಾರ್ಡಿಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತೆ? ಆ ಕಟ್ಟಳೆಗಳನ್ನು ಒಪ್ಪಿಕೊಂಡಿದ್ದ ರಿಜಿಸ್ಟ್ರಾರರ ಕಚೇರಿ ಅವನ್ನು ಮೊದಲೇ ಏಕೆ ತಡೆಯಲಿಲ್ಲ? ಐದು ವರ್ಷ ಕಾಯುವ ಚೈತನ್ಯ, ವಕೀಲರನ್ನು ನೇಮಿಸುವ ಅನುಕೂಲ ಎಷ್ಟು ಕಸುಬುದಾರರಿಗಿದೆ? ಹೋರಾಡದೆ ಹಿಂದಿರುಗಿದವರ ಹೆಸರು ಯಾವ ತೀರ್ಪಿನಲ್ಲೂ ಸಿಗುವುದಿಲ್ಲ.

ಮೇಲ್ಮನವಿಯ ಸುಲಭ ಮಾದರಿ ನಮ್ಮಲ್ಲಿ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನನಗೆ 2005ರ ಮಾಹಿತಿ ಹಕ್ಕು ಕಾಯ್ದೆ ದಿನನಿತ್ಯದ ಪರಿಚಯ. ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿ ಕಾರಣವನ್ನು ಬರೆಯಬೇಕು. ಮೇಲ್ಮನವಿ ಯಾರಿಗೆ, ಎಷ್ಟು ದಿನಗಳೊಳಗೆ ಎಂಬುದನ್ನೂ ತಿಳಿಸಬೇಕು. 30 ದಿನ ಸುಮ್ಮನಿದ್ದರೆ ಆ ಮೌನವೂ ತಿರಸ್ಕಾರವೇ. ಅದರ ವಿರುದ್ಧವೂ ಮೇಲ್ಮನವಿ ಸಲ್ಲುತ್ತದೆ. ಒಂದು ಕಡತದ ನಕಲು ಪ್ರತಿಗೆ ಇಷ್ಟು ರಕ್ಷಣೆ ಕೊಟ್ಟ ನಾಡು ಹೊಟ್ಟೆಪಾಡಿನ ಕಸುಬಿಗೆ ಅಷ್ಟನ್ನೂ ಕೊಡಲಾರದೆ? ಕ್ಯಾಲಿಫೋರ್ನಿಯಾದಲ್ಲಿ ಕ್ಷೌರಿಕರಿಗೆ ಪರವಾನಗಿ ನಿರಾಕರಿಸಿದರೆ, ನೋಟಿಸು ತಲುಪಿದ 60 ದಿನಗಳೊಳಗೆ ಅವರು ವಿಚಾರಣೆ ಕೇಳಬಹುದು.

ಹೆಂಗಸರು ಬಂದರೆ ಗಂಡಸರಿಗೆ ಕೆಲಸ ತಪ್ಪುತ್ತದೆ, ಹೊರಗಿನವರು ಬಂದರೆ ಒಳಗಿನವರಿಗೆ ಕೂಲಿ ಇಳಿಯುತ್ತದೆ ಎಂಬ ವಾದ ಹಳೆಯದು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಬ್ಬರ ಭಯ ಇನ್ನೊಬ್ಬರ ಅನರ್ಹತೆಯಾಗದು. ಕರಾವಳಿಯಿಂದ ಬಂದು ಮುಂಬಯಿಯ ಗಲ್ಲಿಗಳಲ್ಲಿ ಸಲೂನು ನಡೆಸಿದವರ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ‘5 ವರ್ಷ’ದಂಥ ಷರತ್ತಿನ ಇರಿತವನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅದೇ ನ್ಯಾಯದಿಂದ, ಬೆಂಗಳೂರಿನ ಸಲೂನಿಗೆ ದುಡಿಯಲು ಬರುವ ಉತ್ತರ ಪ್ರದೇಶದ ಹುಡುಗನಿಗೂ ನಾವು ಅಂಥ ಷರತ್ತು ಬಯಸಕೂಡದು. ಪರಸ್ಥಳದಲ್ಲಿ ಕೇಳುವ ಹಕ್ಕನ್ನು ಸ್ವಸ್ಥಳದಲ್ಲಿ ನಿರಾಕರಿಸುವುದು ನಮಗೆ ಶೋಭೆಯಲ್ಲ.

ಬೇಡಿಕೆ ದೊಡ್ಡದೇನಲ್ಲ. ಕಸುಬಿನ ಬಾಗಿಲು ಕಾಯುವವರು, ಅದು ನಗರಪಾಲಿಕೆಯಿರಲಿ, ಸಂಘವಿರಲಿ, ನಿರಾಕರಣೆಯನ್ನು ಕಾರಣ ಸಹಿತ ಬರೆದುಕೊಡಲಿ, ನಿರಾಕರಿಸಿದವರಲ್ಲದ ಬೇರೊಬ್ಬರು ಮೇಲ್ಮನವಿಯನ್ನು ಆಲಿಸಲಿ, ಅದಕ್ಕೊಂದು ಗಡುವಿರಲಿ. ‘ಇಲ್ಲ’ ಎಂಬ ಎರಡಕ್ಷರಕ್ಕೆ ಸಹಿ ಹಾಕುವ ಕೈ, ಅದರ ಕೆಳಗೆ ಎರಡು ಸಾಲು ಕಾರಣ ಬರೆದರೆ ಸವೆಯುವುದಿಲ್ಲ.